ತೀನ್ ಕಂದೀಲ್ ಹತ್ತಿರದ ಅಂಗಡಿಯ ಅಣ್ಣನಿಗೆ

ನಾನೇ ಜೋಡಿಸಿದ ಕಂಪ್ಯೂಟರ್ ವಾರದಿಂದ ಸುಮ್ನೆ ಸುಮ್ನೆ ರೀಸ್ಟಾರ್ಟ್ ಆಗುತ್ತಿತ್ತು. ತಂಗಿಯ ಪ್ರಾಜೆಕ್ಟ್ ಮರುದಿನವೇ ಕೊಡಬೇಕಿತ್ತು. ಎರಡು ಕಡೆ 'ಮದರ್‌ಬೋರ್ಡ್ ಹೋಗಿದೆ' ಎಂದಿದ್ದರು. ರಾಯಚೂರಿನ ತೀನ್ ಕಂದೀಲ್ ಹತ್ತಿರ ನೀವು ಅಂಗಡಿ ಮುಚ್ಚುತ್ತಿದ್ದಿರಿ. ನನ್ನ ಮುಖ ನೋಡಿ, ಅರ್ಧ ಎಳೆದ ಶಟರ್ ಮತ್ತೆ ಎತ್ತಿದಿರಿ.

ರ್‍ಯಾಮ್ ಒಂದೊಂದೇ ಹಾಕಿ ನೋಡಿದಿರಿ. ಅದು ಸರಿ ಇತ್ತು. ಆಮೇಲೆ ಬೋರ್ಡನ್ನೇ ಬಿಚ್ಚಿದಿರಿ. ಕೆಳಗೆ, ಬೋರ್ಡಿಗೆ ತೂತೇ ಇಲ್ಲದ ಜಾಗದಲ್ಲಿ, ಬೋರ್ಡನ್ನು ಕೇಸಿಗೆ ತಾಗದಂತೆ ಎತ್ತಿ ಹಿಡಿಯುವ ಒಂದು ಪುಟ್ಟ ಹಿತ್ತಾಳೆ ಕಂಬ, ಅಂದರೆ ಸ್ಟ್ಯಾಂಡ್‌ಆಫ್! ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತಿತ್ತು. ಅದನ್ನು ತೆಗೆದು ನನ್ನ ಅಂಗೈಯಲ್ಲಿ ಇಟ್ಟಿರಿ. ಬೈಯಲಿಲ್ಲ.

"ಒಂದು ತಾಸು ಓಡಲಿ, ಆಮೇಲೆ ಒಯ್ಯಿರಿ" ಎಂದು ಚಹಾ ತರಿಸಿದಿರಿ. ಒಮ್ಮೆಯೂ ರೀಸ್ಟಾರ್ಟ್ ಆಗಲಿಲ್ಲ. ಆಗ ನನಗೆ ಉಸಿರು ಬಂತು. ಗಡಿಬಿಡಿಯಲ್ಲಿ ನಿಮ್ಮ ಹೆಸರೂ ಕೇಳಲಿಲ್ಲ. ತಂಗಿ ಪ್ರಾಜೆಕ್ಟ್ ಕೊಟ್ಟು ಬಂದಳು. ತುಂಬಾ ಥ್ಯಾಂಕ್ಸ್, ಅಣ್ಣ.