ಸಣ್ಣವನ ಮೊದಲ ಕ್ರಿಸ್ಮಸ್: ನಿಮಗೆಲ್ಲ ದೇವರು ಒಳ್ಳೆಯದು ಮಾಡಲಿ

ಪ್ರೀತಿಯ ಬಂಧುಗಳೇ, ನೆರೆಯವರೇ, ಗೆಳೆಯರೇ,

ನಮ್ಮ ಸಣ್ಣವನಿಗೆ ಈಗ ಹತ್ತು ತಿಂಗಳು. ತೂಕ ಏಳು ಕೆ.ಜಿ. ದಾಟಿದೆ. ದಿಂಬು ಒರಗಿಸಿ ಕೂರಿಸಿದರೆ ಕೂರುತ್ತಾನೆ. ಕ್ರಿಸ್ಮಸ್ ಗೋದಲಿಯ ಕುರಿಮರಿ ಗೊಂಬೆ ಕೈಗೆ ಸಿಕ್ಕಿದರೆ ಸೀದಾ ಬಾಯಿಗೆ ಹಾಕುತ್ತಾನೆ. ಫೆಬ್ರವರಿ ಕೊನೆಗೆ ಹುಟ್ಟಿದಾಗ ಅವನ ತೂಕ 1,240 ಗ್ರಾಂ. ಸಿಪ್ಪೆ ಸುಲಿಯದ ಒಂದು ತೆಂಗಿನಕಾಯಿಯಷ್ಟು ಭಾರ. ಮೇ ತಿಂಗಳಲ್ಲಿ ಹುಟ್ಟಬೇಕಿದ್ದವನು 30 ವಾರಕ್ಕೇ ಬಂದುಬಿಟ್ಟ.

ಈ ವರ್ಷ ನಮ್ಮ ಮನೆಗೆ ಯಾರ್ಯಾರು ಏನೇನು ಮಾಡಿದಿರಿ ಅನ್ನುವುದನ್ನು ಕ್ರಿಸ್ಮಸ್ ಒಳಗೆ ಬರೆಯಲೇಬೇಕು ಅಂತ ನನಗೂ ನನ್ನ ಗಂಡನಿಗೂ ಆಸೆ ಇತ್ತು. 'ಎಲ್ಲರಿಗೂ ಥ್ಯಾಂಕ್ಸ್' ಅಂತ ಒಂದು ಸಾಲು ಹಾಕಿ ಮುಗಿಸಲು ಮನಸ್ಸು ಬರಲಿಲ್ಲ. ಹೆಸರು ಯಾರದ್ದೂ ಹಾಕಿಲ್ಲ. ಓದುವಾಗ ನಿಮಗೇ ಗೊತ್ತಾಗುತ್ತದೆ.

ಮೊದಲು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್. ನನ್ನ ಕಾಲು ಊದಿತ್ತು. ಬಸುರಿಯರಿಗೆ ಕಾಲು ಊದುವುದು ಇದ್ದದ್ದೇ ಅಲ್ವಾ ಅಂತ ಎಲ್ಲರೂ ಹೇಳುತ್ತಿದ್ದರು. ನಾನು ಹೋದದ್ದು ಐರನ್ ಮಾತ್ರೆ ತರಲಿಕ್ಕೆ. ಅವರು ನನ್ನ ಮುಖ ನೋಡಿ, ತಾಯಿ ಕಾರ್ಡ್ ಬದಿಗಿಟ್ಟು, ಬಿಪಿ ನೋಡಿದರು. 160ರ ಮೇಲೆ 110. ಐದು ನಿಮಿಷ ಕೂರಿಸಿ ಮತ್ತೆ ನೋಡಿದರು. 'ತಲೆನೋವು ಉಂಟಾ? ಕಣ್ಣು ಮಂಜಾಗ್ತದಾ?' ಎರಡೂ ಇತ್ತು. ಮನೆಗೆ ಹೋಗಿ ಬಟ್ಟೆ ತರುತ್ತೇನೆ ಅಂದರೂ ಬಿಡಲಿಲ್ಲ. ತಾವೇ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೂ ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲೇ ಇದ್ದರು.

ಬಸುರಿನಲ್ಲಿ ಬಿಪಿ ಹೀಗೆ ಏರುವುದಕ್ಕೆ ಪ್ರೀಎಕ್ಲಾಂಪ್ಸಿಯಾ ಅನ್ನುತ್ತಾರೆ. ಫಿಟ್ಸ್ ಬರಬಹುದು, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಅವತ್ತೇ ಆಸ್ಪತ್ರೆ ಸೇರಿದ್ದರಿಂದ ಮಗುವಿನ ಶ್ವಾಸಕೋಶ ಬೇಗ ಬಲಿಯಲಿ ಅಂತ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ನಿಗೆ ಎರಡು ದಿನ ಸಮಯ ಸಿಕ್ಕಿತು. ಆ ಎರಡು ದಿನ ಬಹಳ ದೊಡ್ಡದು ಅಂತ ಮಕ್ಕಳ ಡಾಕ್ಟರು ಆಮೇಲೆ ಹೇಳಿದರು. ಸಿಸ್ಟರ್, ನಮ್ಮ ಮಗ ಉಸಿರಾಡುತ್ತಿರುವುದರಲ್ಲಿ ನಿಮ್ಮ ಪಾಲು ತುಂಬ ಇದೆ. ಇದನ್ನು ಓದುವ ಬಸುರಿಯರು ಯಾರಾದರೂ ಇದ್ದರೆ, ದಯವಿಟ್ಟು ಪ್ರತಿ ಸಲ ಬಿಪಿ ನೋಡಿಸಿಕೊಳ್ಳಿ. ತಲೆನೋವನ್ನು ಸುಮ್ನೆ ಸಹಿಸಿಕೊಂಡು ಕೂರಬೇಡಿ.

ಹುಟ್ಟಿದ ದಿನ ರಾತ್ರಿ ಅವನ ಉಸಿರು ಮತ್ತೆ ಮತ್ತೆ ನಿಲ್ಲುತ್ತಿತ್ತು. ನಾನು ಇನ್ನೂ ಆಪರೇಷನ್ ಆದ ವಾರ್ಡಿನಲ್ಲಿದ್ದೆ. ಜೀವಕ್ಕೆ ಅಪಾಯ ಇದ್ದಾಗ ಯಾರು ಬೇಕಾದರೂ ಜ್ಞಾನಸ್ನಾನ (ಬ್ಯಾಪ್ಟಿಸಂ) ಕೊಡಬಹುದು ಅಂತ ನಮ್ಮ ಧರ್ಮಸಭೆಯಲ್ಲಿ ಇದೆ. ನನ್ನ ಗಂಡ ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ಐಸಿಯು, ಅಲ್ಲಿನ ನರ್ಸ್ ಹತ್ತಿರ ಕೇಳಿದರು. ಅವರು ನಮ್ಮ ಧರ್ಮದವರಲ್ಲ. ಒಂದು ಮಾತೂ ಆಡದೆ ಸಿರಿಂಜಿನಲ್ಲಿ ಸ್ವಲ್ಪ ಸ್ಟೆರೈಲ್ ನೀರು ತೆಗೆದುಕೊಟ್ಟರು. ಇನ್‌ಕ್ಯುಬೇಟರಿನ ಕಿಂಡಿಯೊಳಗೆ ಕೈ ಹಾಕಿ, ಮೂರು ಸಲ ನೀರು ಬಿಟ್ಟು, ಅಪ್ಪನೇ ಮಗನಿಗೆ ಜ್ಞಾನಸ್ನಾನ ಕೊಟ್ಟರು. ಆ ಹೊತ್ತಿನಲ್ಲಿ ನರ್ಸ್ ಮಾಸ್ಕ್ ಹಾಕಿಕೊಂಡೇ ಕೈ ಜೋಡಿಸಿ ನಿಂತಿದ್ದರಂತೆ. ಆಮೇಲೆ ಹತ್ತಿಯಿಂದ ಅವನ ತಲೆ ಒರೆಸಿ, ಟೊಪ್ಪಿ ಸರಿ ಮಾಡಿ, 'ಬೆಳಗ್ಗೆವರೆಗೂ ನಾನು ಇಲ್ಲೇ ಇರ್ತೇನೆ ಅಣ್ಣ, ನೀವು ಹೋಗಿ ಅಕ್ಕನಿಗೆ ಹೇಳಿ' ಅಂದರಂತೆ. ಅವರ ಡ್ಯೂಟಿ ಮುಗಿದಿತ್ತು ಅಂತ ನಮಗೆ ತಿಳಿದದ್ದು ಎಷ್ಟೋ ದಿನ ಕಳೆದ ಮೇಲೆ.

ನನಗೆ ಮೊದಲ ದಿನಗಳಲ್ಲಿ ಹಾಲು ಬರಲೇ ಇಲ್ಲ. ಅವನಿಗೆ ಬೇಕಿದ್ದದ್ದು ಮೂಗಿನ ನಳಿಗೆಯಲ್ಲಿ ಎರಡೆರಡು ಎಂ.ಎಲ್. ಅಷ್ಟೇ. ಅಷ್ಟೂ ನನ್ನಲ್ಲಿ ಇರಲಿಲ್ಲ. ಆಗ ಅವನಿಗೆ ಸಿಕ್ಕಿದ್ದು ಎದೆಹಾಲಿನ ಬ್ಯಾಂಕಿನ ಹಾಲು. ಯಾರೋ ತಾಯಂದಿರು ತಮ್ಮ ಮಗು ಕುಡಿದು ಉಳಿದದ್ದನ್ನು ಕೊಟ್ಟಿರುತ್ತಾರೆ. ಕೊಡುವವರ ರಕ್ತಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿ ಮಾಡಿ, ತಣಿಸಿ ಫ್ರೀಜರಿನಲ್ಲಿ ಇಡುತ್ತಾರೆ. 1989ರಲ್ಲಿ ಮುಂಬೈಯ ಸಯಾನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಇದನ್ನು ಶುರು ಮಾಡಿದಾಗ ಇಡೀ ಏಷ್ಯಾದಲ್ಲಿ ಅಂಥದ್ದು ಬೇರೆ ಇರಲಿಲ್ಲ. ಈಗ ನಮ್ಮ ಮಂಗಳೂರಿನ ಲೇಡಿಗೋಷನ್‌ನಲ್ಲೂ ಇದೆ, ಬೆಂಗಳೂರಿನ ವಾಣಿವಿಲಾಸದಲ್ಲೂ ಇದೆ. ಹಾಲು ಕೊಟ್ಟ ಆ ಅಕ್ಕ ತಂಗಿಯರು ಯಾರು ಅಂತ ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಹಾಗಾಗಿ ಇಲ್ಲೇ ಹೇಳುತ್ತೇನೆ. ನನ್ನ ಮಗ ನಿಮ್ಮ ಹಾಲು ಕುಡಿದವನು. ನಿಮ್ಮ ಮಕ್ಕಳು ಚೆನ್ನಾಗಿರಲಿ. ನನಗೆ ಹಾಲು ಜಾಸ್ತಿ ಆದಾಗ ನಾನೂ ಕೊಟ್ಟೆ, ಕೊಡುವಾಗ ನಿಮ್ಮನ್ನೇ ನೆನೆದೆ.

ಒಳಲೆಯಲ್ಲಿ (ಮೂತಿ ಇರುವ ಪುಟ್ಟ ಬಟ್ಟಲಿನಲ್ಲಿ) ಹಾಲು ಕುಡಿಸಲು ಕಲಿಸಿದ ದೊಡ್ಡ ಸಿಸ್ಟರ್‌ಗೆ ಬೇರೆಯೇ ಒಂದು ನಮಸ್ಕಾರ. ನಮ್ಮ ಅಮ್ಮನ ಮನೆಯಲ್ಲಿ ಬೆಳ್ಳಿ ಒಳಲೆ ಇತ್ತು, ಮಗುವಿನ ಬಾಯಿಗೆ ಎಣ್ಣೆ ಹೊಯ್ಯುವ ಹಾಗೆ ಹೊಯ್ಯುತ್ತಿದ್ದರು. ಆಸ್ಪತ್ರೆಯದ್ದು ಸ್ಟೀಲಿನದ್ದು. 'ಹೊಯ್ಯಬೇಡಿ ಅಕ್ಕ, ಅವನೇ ಕೇಳ್ತಾನೆ' ಅಂದರು. ಮೂತಿಯನ್ನು ಕೆಳತುಟಿಯ ಮೂಲೆಗೆ ತಾಗಿಸಬೇಕು. ಒಂದಿಷ್ಟೇ ಓರೆ ಮಾಡಬೇಕು. ನಾಲಿಗೆ ಹೊರಗೆ ಬಂದು ನೆಕ್ಕುತ್ತದೆ. ಗಂಟಲು ಆಡಿದ್ದು ನೋಡಿ ಮತ್ತೆ ಒಂದು ಹನಿ. ನಾನು ಪಕ್ಕದಲ್ಲಿ ಕೂತು ಆ ಗಂಟಲನ್ನೇ ನೋಡುತ್ತಿದ್ದೆ. ಹತ್ತು ಎಂ.ಎಲ್. ಕುಡಿಯಲು ಅರ್ಧ ಗಂಟೆ. ಅವರು ಒಂದು ದಿನವೂ ಅವಸರ ಮಾಡಲಿಲ್ಲ, ಅಷ್ಟು ಮಕ್ಕಳು ಅಲ್ಲಿ ಇದ್ದರೂ.

ಕಾಂಗರೂ ಆರೈಕೆ ಕಲಿಸಿದ್ದೂ ಅವರೇ. ಟೊಪ್ಪಿ, ಸಾಕ್ಸ್, ಡಯಾಪರ್ ಬಿಟ್ಟು ಮಗುವಿಗೆ ಬೇರೆ ಬಟ್ಟೆ ಇಲ್ಲ. ಬರಿ ಎದೆಯ ಮೇಲೆ ನೆಟ್ಟಗೆ ಮಲಗಿಸಿ ಸುತ್ತಿಕೊಳ್ಳುವುದು. 1978ರ ಹೊತ್ತಿಗೆ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಹೋದಾಗ ಡಾ. ಎಡ್ಗರ್ ರೇ ಎಂಬವರು ಶುರು ಮಾಡಿದ್ದಂತೆ. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಊರೂರಿಗೆ ಮುಟ್ಟಿಸುವ ದೊಡ್ಡ ಕೆಲಸ ನಡೆದಿದೆ. ಮನೆಗೆ ಬಂದ ಮೇಲೆ ನಾನು, ನನ್ನ ಗಂಡ, ಅತ್ತೆ ಸರದಿಯಲ್ಲಿ ಮಾಡಿದೆವು. ಮಾವನೂ ಮಾಡಿದರು. ಎಪ್ಪತ್ತು ದಾಟಿದ ಮಾವ ಅಂಗಿ ಬಿಚ್ಚಿ, ಆರಾಮ ಕುರ್ಚಿಯಲ್ಲಿ ಮೊಮ್ಮಗನನ್ನು ಎದೆಗೆ ಹಾಕಿಕೊಂಡು, ಸೊಂಟ ನೋವಿದ್ದರೂ ಅಲುಗಾಡದೆ ಕೂರುತ್ತಿದ್ದರು. ಮಾವ, ನಿಮಗೆ ಎದುರು ನಿಂತು ಹೇಳಲು ನನಗೆ ಮಾತು ಬರುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಇನ್ನು ನಾನು ಎಲ್ಲಕ್ಕಿಂತ ಜಾಸ್ತಿ ಹೇಳಬೇಕಾದ್ದು ನಮ್ಮ ದೊಡ್ಡವಳನ್ನು ನೋಡಿಕೊಂಡವರ ಬಗ್ಗೆ.

ಅವಳಿಗೆ ನಾಲ್ಕು ವರ್ಷ. ಮಾತ್ರೆ ತರಲು ಹೋದ ಅಮ್ಮ ರಾತ್ರಿಯಾದರೂ ಬರಲಿಲ್ಲ. ವಾರ ಕಳೆದು ಬಂದವಳ ಕೈಯಲ್ಲಿ ಮಗು ಇಲ್ಲ. ಬೆಳಗಾದರೆ ಅಮ್ಮ ಮತ್ತೆ ಆಸ್ಪತ್ರೆಗೆ. ಮನೆಗೆ ಬಂದವರೆಲ್ಲ ಕೇಳುವುದು 'ಮಗು ಹೇಗುಂಟು?' ಅಂತ. ಅವಳು ಮೂಲೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ರಾತ್ರಿ ಹಾಸಿಗೆ ಒದ್ದೆ ಮಾಡಲು ಶುರು ಮಾಡಿದಳು. ಮೊದಲು ಅಷ್ಟು ಮಾತಾಡುತ್ತಿದ್ದವಳು ಸುಮ್ಮನಾದಳು.

ಪಕ್ಕದ ಮನೆಯ ಅಕ್ಕ ಮೊದಲ ವಾರವೇ ಬಂದು ಅತ್ತೆಗೆ ಹೇಳಿದ್ದು: 'ಅವಳನ್ನು ನಮ್ಮಲ್ಲಿ ಬಿಡಿ ಬಾಯಮ್ಮ. ಸ್ನಾನ, ಊಟ ಎಲ್ಲ ನಾನು ನೋಡ್ಕೊಳ್ತೇನೆ.' ಎರಡು ಜಡೆ ಹಾಕಿ, ಮಲ್ಲಿಗೆ ಮುಡಿಸಿ, ಅಂಗನವಾಡಿಗೆ ಕಳಿಸುವುದು ಅವರ ಕೆಲಸವಾಯಿತು. ಸಂಜೆ ಅವಳನ್ನು ಜಗಲಿಯಲ್ಲಿ ಕೂರಿಸಿಕೊಂಡು 'ನಿನ್ನ ಕತೆ ಹೇಳು' ಅಂತ ಕೇಳುತ್ತಿದ್ದರು. ತಮ್ಮನ ಸುದ್ದಿ ಅವಳಾಗಿ ಎತ್ತದಿದ್ದರೆ ಅವರು ಎತ್ತುತ್ತಿರಲಿಲ್ಲ. ಹಿಂದಿನ ಮನೆಯ ಬ್ಯಾರಿ ಮುಸ್ಲಿಂ ಕುಟುಂಬಕ್ಕೆ ಅದು ರಂಜಾನ್ ಉಪವಾಸದ ತಿಂಗಳು. ತಾವು ನೀರೂ ಕುಡಿಯದ ಹೊತ್ತಿನಲ್ಲಿ ಅವಳಿಗೆ ಮಧ್ಯಾಹ್ನದ ಅನ್ನ, ಮೀನು ಹುರಿದು ಕಳಿಸುತ್ತಿದ್ದರು. ಅವರ ಮಗ ಕಾಲೇಜಿಗೆ ಹೋಗುವಾಗ ನಾನು ಮನೆಯಲ್ಲಿ ಹಿಂಡಿಟ್ಟ ಹಾಲಿನ ಫ್ಲಾಸ್ಕನ್ನು ಸಿಟಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಗೆ ಮುಟ್ಟಿಸುತ್ತಿದ್ದ. ನನಗೆ ಜ್ವರ ಬಂದು ಆಸ್ಪತ್ರೆಯೊಳಗೆ ಹೋಗಬಾರದು ಅಂದಿದ್ದ ಆ ವಾರ ಅವನಿಲ್ಲದಿದ್ದರೆ ನಾವು ಏನು ಮಾಡುತ್ತಿದ್ದೆವೋ.

ಅಂಗನವಾಡಿ ಟೀಚರ್ ಅವಳಿಗೊಂದು ಕೆಲಸ ಕೊಟ್ಟರು. ತನಗಿಂತ ಸಣ್ಣ ಮಕ್ಕಳ ಕೈ ತೊಳೆಸುವುದು. 'ನಿನ್ನ ತಮ್ಮ ಮನೆಗೆ ಬರುವಾಗ ನಿನಗೆ ಎಲ್ಲ ಗೊತ್ತಿರಬೇಕಲ್ಲ' ಅಂದಿದ್ದರಂತೆ. ಈಸ್ಟರ್‌ಗೆ ಕೆಲವು ದಿನ ಇರುವಾಗ 1,800 ಗ್ರಾಂ ಆದ ತಮ್ಮನನ್ನು ಮನೆಗೆ ತಂದೆವು. ಬಾಗಿಲಲ್ಲೇ ನಮ್ಮನ್ನು ನಿಲ್ಲಿಸಿ, 'ಕೈ ತೊಳೆದಿದ್ದೀರಾ?' ಅಂತ ಕೇಳಿದ್ದು ಅವಳು. ಮೊಣಕೈವರೆಗೆ ತೊಳೆಯಬೇಕು ಅಂತ ತೋರಿಸಿಕೊಟ್ಟಳು. ಆ ದಿನದಿಂದ ಅವಳ ಮಾತು ವಾಪಸ್ ಬಂತು.

ಸಣ್ಣವನನ್ನು ಉಳಿಸಿದ ಡಾಕ್ಟರು, ನರ್ಸುಗಳು ಎಷ್ಟು ಮುಖ್ಯವೋ, ದೊಡ್ಡವಳನ್ನು ಉಳಿಸಿಕೊಟ್ಟ ನೀವೂ ಅಷ್ಟೇ ಮುಖ್ಯ. ಇದು ನನ್ನ ಗಟ್ಟಿ ಅಭಿಪ್ರಾಯ. ನಿಮ್ಮ ಪರಿಚಯದ ಯಾರ ಮನೆಯಲ್ಲಾದರೂ ಮಗು ಆಸ್ಪತ್ರೆಯಲ್ಲಿದ್ದರೆ, ಮನೆಯಲ್ಲಿರುವ ಇನ್ನೊಂದು ಮಗುವಿನ ಹತ್ತಿರ ಹೋಗಿ ಕೂತುಕೊಳ್ಳಿ.

ಸಮಾಧಾನ ಹೇಳಲು ಬಂದ ಅಜ್ಜಿಯರು ಒಂದು ಮಾತು ಹೇಳುತ್ತಿದ್ದರು: ಏಳು ತಿಂಗಳಿಗೆ ಹುಟ್ಟಿದ್ದು ಬದುಕುತ್ತದೆ, ಎಂಟಕ್ಕೆ ಹುಟ್ಟಿದ್ದು ಬದುಕುವುದಿಲ್ಲ ಅಂತ. ನಿಮ್ಮ ಪ್ರೀತಿ ನನಗೆ ಗೊತ್ತು. ಆದರೆ ಪಕ್ಕದ ಮಂಚದಲ್ಲಿ ಎಂಟು ತಿಂಗಳಿಗೆ ಹೆತ್ತ ತಾಯಿ ಇದನ್ನು ಕೇಳಿ ಅತ್ತದ್ದನ್ನು ನಾನು ನೋಡಿದ್ದೇನೆ. ಅದು ನಿಜ ಅಲ್ಲ. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಬಲವೇ. ಆ ತಾಯಿಯ ಮಗಳು ನಮ್ಮವನಿಗಿಂತ ಎಷ್ಟೋ ಮೊದಲೇ ಮನೆಗೆ ಹೋದಳು.

ನಾಲ್ಕನೇ ವಾರದ ಕಣ್ಣಿನ ಪರೀಕ್ಷೆ ತಪ್ಪಿಸಬಾರದು ಅಂತ ಹಟ ಹಿಡಿದ ಡಾಕ್ಟರಿಗೆ, ಒಂಬತ್ತು ತಿಂಗಳ ದಡಾರ ಲಸಿಕೆಯವರೆಗೂ ನೆನಪಿಸುತ್ತಾ ಬಂದ ಆಶಾ ಕಾರ್ಯಕರ್ತೆ ಅಕ್ಕನಿಗೆ, ರಕ್ತ ಕೊಟ್ಟ ಹುಡುಗರಿಗೆ, ಹೆಸರು ಹೇಳಬೇಡಿ ಅಂತ ಹಣ ಕೊಟ್ಟು ಹೋದವರಿಗೆ ನಾವು ಋಣಿಗಳು. ಸೆಪ್ಟೆಂಬರ್ 8ರ ಮರಿಯಮ್ಮನ ತೆನೆ ಹಬ್ಬಕ್ಕೆ ಮೊದಲಿನ ಒಂಬತ್ತು ದಿನವೂ ದೊಡ್ಡವಳ ಬುಟ್ಟಿ ತುಂಬ ಹೂ ಕೊಯ್ದು ಕೊಟ್ಟ ಮನೆಗಳವರಿಗೂ. ಆ ಹಬ್ಬದ ಹೊಸ ಅಕ್ಕಿಯ ಹಾಲನ್ನು ಬೆರಳ ತುದಿಯಲ್ಲಿ ಸಣ್ಣವನ ತುಟಿಗೂ ಮುಟ್ಟಿಸಿದೆವು.

ಈ ಸಲ ನಮ್ಮ ಮನೆಯಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿ, ಮಾಡಲಿಲ್ಲ. ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಮುಖ್ಯಸ್ಥರಾದ ಗುರಿಕಾರರ ಮನೆಯಲ್ಲಿ ವಾಳೆಯ ಹೆಂಗಸರು ಸೇರಿ ಮಾಡುವಾಗ ನಮ್ಮ ಪಾಲಿನದ್ದನ್ನೂ ಮಾಡಿದ್ದಾರೆ. ಕಿಡಿಯೊ, ನೆವ್ರಿ, ಕೊಕ್ಕಿಸಾಂ ಎಲ್ಲ ಡಬ್ಬಿ ತುಂಬ ಇದೆ. ಗೋದಲಿಗೆ ತೆಂಗಿನ ಚಿಪ್ಪಿನಲ್ಲಿ ರಾಗಿ ಬಿತ್ತಿ ಮೊಳಕೆ ಬರಿಸಿದ್ದು ದೊಡ್ಡವಳು.

ಕ್ರಿಸ್ಮಸ್ ಕಳೆದು ಬರುವ ಭಾನುವಾರ ಪವಿತ್ರ ಕುಟುಂಬದ ಹಬ್ಬ. ಅಂದು ಬೆಳಗ್ಗಿನ ಪೂಜೆಯ ನಂತರ ನಮ್ಮ ಚರ್ಚಿನಲ್ಲಿ ಸಣ್ಣವನ ಜ್ಞಾನಸ್ನಾನದ ಉಳಿದ ವಿಧಿಗಳು ನಡೆಯುತ್ತವೆ. ಆ ರಾತ್ರಿ ಸಿರಿಂಜಿನಲ್ಲಿ ನೀರು ತೆಗೆದುಕೊಟ್ಟ ಸಿಸ್ಟರ್ ರಜೆ ಹಾಕಿ ಬರುತ್ತೇನೆ ಅಂದಿದ್ದಾರೆ. ನೀವೂ ಬನ್ನಿ. ಧರ್ಮ ಯಾವುದಾದರೂ ಸರಿ, ನಮ್ಮ ಜೊತೆ ಮುಂದಿನ ಬೆಂಚಿನಲ್ಲೇ ಕೂರಬೇಕು. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ, ಸಸ್ಯಾಹಾರದವರಿಗೆ ಬೇರೆ ಮಾಡಿಸಿದ್ದೇವೆ. ಶೀತ, ಕೆಮ್ಮು ಇದ್ದವರು ದಯವಿಟ್ಟು ಗುಣವಾದ ಮೇಲೆ ಒಂದು ದಿನ ಬನ್ನಿ, ಆಗ ನಿಧಾನವಾಗಿ ಕೂತು ಮಾತಾಡೋಣ. ಕೈ ತೊಳೆಯುವ ಜಾಗ ದೊಡ್ಡವಳು ತೋರಿಸುತ್ತಾಳೆ.