ಔಷಧಿಗೆ ಮೊದಲು ಕೋಳಿಯ ಮೇವಿನ ಚೀಲ ಮುಟ್ಟಿ ನೋಡಿ

ಮಾನ್ಯ ಸಂಪಾದಕರಿಗೆ,

ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕಿಕೊಂಡವರ ಮನೆಯಲ್ಲಿ ಒಂದು ಹೇಂಟೆ ಮಂಕಾಗಿ ಮೂಲೆ ಹಿಡಿದರೆ ಸಾಮಾನ್ಯವಾಗಿ ಎರಡೇ ಮಾತು ಕೇಳಿಬರುತ್ತವೆ. ಒಂದು, ‘ರೋಗ ಬಂದಿದೆ, ಕೊಯ್ದುಬಿಡಿ’. ಇನ್ನೊಂದು, ‘ಕುಡಿಯುವ ನೀರಿಗೆ ಆಂಟಿಬಯಾಟಿಕ್ ಪುಡಿ ಬೆರೆಸಿ’. ಇವೆರಡಕ್ಕೂ ಮೊದಲು ಮಾಡಬೇಕಾದ, ಖರ್ಚೇ ಇಲ್ಲದ ಪರೀಕ್ಷೆಯೊಂದಿದೆ. ಅದನ್ನು ಹೇಳುವವರೇ ಕಡಿಮೆ ಎಂಬ ಸಂಕಟದಿಂದ ಬರೆಯುತ್ತಿದ್ದೇನೆ.

ಕೋಳಿಯ ಕತ್ತಿನ ಬುಡದಲ್ಲಿ, ಎದೆಯ ಮೇಲ್ಭಾಗದಲ್ಲಿ, ಅದರ ಬಲಕ್ಕೆ ಕೊಂಚ ವಾಲಿಕೊಂಡು ಮೇವಿನ ಚೀಲವಿರುತ್ತದೆ. ತಿಂದ ಕಾಳು ಮೊದಲು ಸೇರುವುದು ಅಲ್ಲಿಗೆ. ಸಂಜೆ ಗೂಡು ಸೇರುವಾಗ ಅದು ತುಂಬಿ ಉಬ್ಬಿರುತ್ತದೆ, ರಾತ್ರಿಯೆಲ್ಲ ಸ್ವಲ್ಪಸ್ವಲ್ಪವೇ ಕೆಳಗಿಳಿದು ಬೆಳಗಿನ ಹೊತ್ತಿಗೆ ಬರಿದಾಗಬೇಕು. ಹಾಗಾಗಿ ಮುಟ್ಟಿ ನೋಡಬೇಕಾದದ್ದು ಬೆಳಿಗ್ಗೆ, ಕಾಳು ಹಾಕುವ ಮೊದಲು. ಆಗಲೂ ಗಟ್ಟಿ ಉಂಡೆ ಕೈಗೆ ಸಿಕ್ಕಿದರೆ ಉದ್ದನೆಯ ಹುಲ್ಲೋ ದಾರವೋ ಪ್ಲಾಸ್ಟಿಕ್ಕೋ ಸಿಕ್ಕಿಕೊಂಡು ದಾರಿ ಕಟ್ಟಿರಬಹುದು. ನೀರು ತುಂಬಿದ ಬಲೂನಿನಂತೆ ಮೆತ್ತಗೆ ತುಳುಕುತ್ತಿದ್ದು, ಬಾಯಿಂದ ಹುಳಿ ನಾತ ಬರುತ್ತಿದ್ದರೆ ಒಳಗೆ ಮೇವು ಕೊಳೆತು ಕ್ಯಾಂಡಿಡಾ ಎಂಬ ಯೀಸ್ಟ್ ಬೆಳೆದಿರುವ ಸಾಧ್ಯತೆ ಹೆಚ್ಚು.

ನಮ್ಮ ಮನೆಯ ಕೆಂಚಿಗೆ ಆಗಿದ್ದು ಈ ಎರಡನೆಯದು. ಕತ್ತನ್ನು ಅತ್ತಿತ್ತ ಹೊರಳಿಸಿ ಏನನ್ನೋ ನುಂಗಲು ಹೆಣಗಾಡುತ್ತಿತ್ತು, ಕಾಳಿನ ಮುಂದೆ ನಿಂತರೂ ಕೊಕ್ಕು ಹಾಕುತ್ತಿರಲಿಲ್ಲ. ತೋರಿಸಲು ಒಯ್ದ ಮೊದಲ ಕಡೆ ವೈದ್ಯರು ಮೇಜಿನಾಚೆಯಿಂದಲೇ ನೋಡಿ ಆಂಟಿಬಯಾಟಿಕ್ ಬರೆದರು. ‘ಒಂದು ಕೋಳಿಗೆ ಇಷ್ಟೆಲ್ಲ ಯಾಕಮ್ಮಾ?’ ಎಂದೂ ಕೇಳಿದರು. ನನಗೆ ಆ ಪ್ರಶ್ನೆಗಿಂತ ಹೆಚ್ಚು ನೋವಾದದ್ದು ಅವರು ಅದನ್ನು ಕೈಯಲ್ಲಿ ಮುಟ್ಟದೇ ಇದ್ದದ್ದು. ಯೀಸ್ಟಿಗೆ ಆಂಟಿಬಯಾಟಿಕ್ ತಾಗುವುದಿಲ್ಲ. ಅದನ್ನು ಅಂಕೆಯಲ್ಲಿಡುವ ಒಳ್ಳೆಯ ಬ್ಯಾಕ್ಟೀರಿಯಾಗಳು ಸತ್ತು ಕಾಯಿಲೆ ಹೆಚ್ಚಲೂಬಹುದು. ಇನ್ನೊಬ್ಬ ವೈದ್ಯೆ ಮೇವಿನ ಚೀಲವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಬಾಯಿ ಬಿಡಿಸಿ ಮೂಸಿ, ಯೀಸ್ಟನ್ನು ಕೊಲ್ಲುವ ನಿಸ್ಟಾಟಿನ್ ಎಂಬ ಔಷಧ ಕೊಟ್ಟರು. ಕೆಂಚಿ ಈಗ ಮತ್ತೆ ನೆಲ ಕೆದಕುತ್ತಿದೆ.

ಇನ್ನೊಂದು ಅಪಾಯವನ್ನು ಹೇಳಲೇಬೇಕು. ಕೋಳಿಯನ್ನು ತಲೆಕೆಳಗು ಮಾಡಿ ಚೀಲ ಹಿಂಡಿ ವಾಂತಿ ಮಾಡಿಸಿ ಎಂದು ಹಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಮಾಡಬೇಡಿ. ಆ ದ್ರವ ಶ್ವಾಸನಾಳಕ್ಕೆ ನುಗ್ಗಿದರೆ ಕೋಳಿ ಕೈಯಲ್ಲೇ ಸಾಯಬಹುದು. ಎಣ್ಣೆಯನ್ನೂ ಬಲವಂತವಾಗಿ ಗಂಟಲಿಗೆ ಸುರಿಯಬಾರದು.

ಕಾಯಿಲೆಯ ಕೋಳಿಯನ್ನು ಬೆಚ್ಚಗಿನ ಜಾಗದಲ್ಲಿ ಬೇರೆ ಇಟ್ಟು, ಕುಡಿಯಲು ಶುದ್ಧ ನೀರಿಟ್ಟು, ಕೆಳಗೆ ಹಳೆಯ ಪತ್ರಿಕೆ ಹಾಸಿದರೆ ಹಿಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ಮೇಲೆ ಬಿಳಿ ಇರುವುದು ಸಹಜ. ಆಗೊಮ್ಮೆ ಈಗೊಮ್ಮೆ ಕಂದು ಬಣ್ಣದ ಅಂಟಂಟಾದ, ವಿಪರೀತ ನಾರುವ ಹಿಕ್ಕೆಯೂ ಸಹಜವೇ, ಅದನ್ನು ಭೇದಿ ಎಂದು ಗಾಬರಿಯಾಗಬೇಕಿಲ್ಲ. ಕಡು ಹಸಿರು ನೀರಾದರೆ ಹೊಟ್ಟೆಗೆ ಮೇವು ಹೋಗದೆ ಬರೀ ಪಿತ್ತ ಬರುತ್ತಿರಬಹುದು. ರಕ್ತ ಕಂಡರೆ, ಅದರಲ್ಲೂ ಎಳೆಯ ಕೋಳಿಗಳಲ್ಲಿ, ಕರುಳಿನ ಪರಾವಲಂಬಿಯಿಂದ ಬರುವ ಕಾಕ್ಸಿಡಿಯೋಸಿಸ್ ಎಂಬ ಕಾಯಿಲೆ ಇರಬಹುದು. ಅದಕ್ಕೆ ಔಷಧವೇ ಬೇರೆ, ತಡ ಮಾಡುವಂತಿಲ್ಲ. ಒಂದೆರಡು ಹಿಕ್ಕೆ ಜೊತೆಗೆ ಒಯ್ದರೆ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಜಂತುವಿನ ಮೊಟ್ಟೆ ಇದೆಯೇ ಎಂದೂ ನೋಡಬಹುದು.

ಹಲವು ಕೋಳಿಗಳು ಒಟ್ಟಿಗೆ ಹಸಿರು ಭೇದಿ ಮಾಡಿ, ಏದುಸಿರು ಬಿಟ್ಟು, ಕತ್ತು ತಿರುಚಿಕೊಂಡರೆ ಮಾತ್ರ ಈ ಮನೆಯ ಪರೀಕ್ಷೆಗಳನ್ನು ಬಿಟ್ಟುಬಿಡಬೇಕು. ಅದು ಕೊಕ್ಕರೆ ರೋಗವೋ (ರಾಣಿಖೇತ್) ಹಕ್ಕಿಜ್ವರವೋ ಇರಬಹುದು. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟದೆ ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು.

ಇವೆಲ್ಲ ದೊಡ್ಡ ಫಾರಂ ನಡೆಸುವವರಿಗೆ ಗೊತ್ತಿರುವ ಸಂಗತಿಗಳೇ. ಹಿತ್ತಲಿನವರಿಗೆ ತಲುಪುವುದಿಲ್ಲ. ತಮ್ಮ ಕೃಷಿ ಪುಟದಲ್ಲಿ ಮೊಟ್ಟೆ, ತೂಕ, ಲಾಭದ ಲೆಕ್ಕದ ಜೊತೆಗೆ ಮೇವಿನ ಚೀಲ ಮುಟ್ಟಿ ನೋಡುವ ಬಗೆಯನ್ನು ಪಶುವೈದ್ಯರೊಬ್ಬರಿಂದ ಚಿತ್ರಸಹಿತ ಬರೆಸಿ ಪ್ರಕಟಿಸಬೇಕೆಂದು ಕೋರುತ್ತೇನೆ. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಆ ಕೋಳಿಯ ಮೊಟ್ಟೆ ತಿನ್ನಬಾರದು ಎಂಬುದನ್ನೂ ಅದರಲ್ಲಿ ಸೇರಿಸಿ. ಆ ಪ್ರಶ್ನೆ ಕೇಳಲು ಬಹಳ ಮಂದಿಗೆ ತೋಚುವುದೇ ಇಲ್ಲ.

ಇಂತಿ,
ಕೋಳಿ ಸಾಕುವ ನಿಮ್ಮ ಓದುಗರಲ್ಲೊಬ್ಬಳು