ಹಳೆಯ ಚಿಮಣಿಗಳನ್ನು ಬುಡ ಕಡಿದು ಉರುಳಿಸುವ ಕೆಲಸ ನಿಲ್ಲಿಸಿರುವ ಬಗ್ಗೆ

ಕಾಸರಗೋಡು

ಮಾನ್ಯ ಗ್ರಾಹಕರೇ,

ಹೆಂಚಿನ ಕಾರ್ಖಾನೆಗಳ ಹಳೆಯ ಇಟ್ಟಿಗೆ ಚಿಮಣಿಗಳನ್ನು ಬುಡದಲ್ಲಿ ಕಡಿದು ಒಂದೇ ಸಲಕ್ಕೆ ಉರುಳಿಸುವ ಕೆಲಸವನ್ನು ನಮ್ಮ ಕಾರ್ಮಿಕ ಸಹಕಾರಿ ಸಂಘವು ಇನ್ನು ಮುಂದೆ ವಹಿಸಿಕೊಳ್ಳುವುದಿಲ್ಲ. ತುದಿಯಿಂದ ಆರಂಭಿಸಿ ಸಾಲು ಸಾಲಾಗಿ ಕೆಳಕ್ಕೆ ಬಿಚ್ಚುವ ಕ್ರಮವನ್ನು ಮಾತ್ರ ಅನುಸರಿಸುತ್ತೇವೆ. ಇದರಿಂದ ನಿಮಗೆ ಖರ್ಚೂ ದಿನಗಳೂ ಹೆಚ್ಚಾಗುವುದರಿಂದ ಕಾರಣವನ್ನು ವಿವರವಾಗಿ ತಿಳಿಸಬೇಕಾಗಿದೆ.

ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯಲ್ಲಿ ಒಂದೊಂದಾಗಿ ಎದ್ದುನಿಂತ ಚಿಮಣಿಗಳ ಪೈಕಿ ನಾವು ಇದುವರೆಗೆ ಕೆಡವಿದವೆಲ್ಲ ಸುಣ್ಣದ ಗಾರೆಯವು. ಸುಣ್ಣದ ಗಾರೆ ಭಾರವನ್ನು ಹೊರುತ್ತದೆಯೇ ಹೊರತು ಎಳೆತವನ್ನು ತಾಳುವುದಿಲ್ಲ. ಹಾಗಾಗಿ ವಾಲಿದ ಚಿಮಣಿಯು ಕಡಿದ ತೆಂಗಿನ ಮರದಂತೆ ಇಡಿಯಾಗಿ ನೆಲಕ್ಕೆ ಒರಗುವುದಿಲ್ಲ. ಬೀಳುವ ದಾರಿಯಲ್ಲೇ ನಡು ಮುರಿಯುತ್ತದೆ, ಮೇಲಿನ ತುಂಡು ಹಿಂದೆ ಉಳಿದು ನಾವು ಎಣಿಸದ ಕಡೆಗೆ ಬೀಳಬಹುದು.

ಕಳೆದ ಬೇಸಿಗೆಯಲ್ಲಿ ಸುಮಾರು 18 ಮೀಟರ್ ಎತ್ತರದ ಚಿಮಣಿಯೊಂದನ್ನು ಉರುಳಿಸುವಾಗ ನಮಗೆ ಇದರ ಅನುಭವವಾಯಿತು. ವಾಡಿಕೆಯಂತೆ ಉತ್ತರ ಪಾರ್ಶ್ವದ ಬುಡದ ಇಟ್ಟಿಗೆ ಕಿತ್ತು, ಮರದ ದಿಮ್ಮಿಗಳ ಆಧಾರ ಕೊಟ್ಟು, ಉಕ್ಕಿನ ಹಗ್ಗ ಬಿಗಿದು ಎಳೆದೆವು. ಅದು ನಾವು ಗುರುತಿಟ್ಟ ಗೂಟದ ಕಡೆಗೆ ಬೀಳದೆ ಪಶ್ಚಿಮಕ್ಕೆ ಹೊರಳಿ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಅರ್ಧ ಇಟ್ಟಿಗೆಯೊಂದು ಬೇಲಿಯಾಚೆಗಿನ ಅಡಿಕೆ ಮರದ ಕಾಂಡದಲ್ಲಿ ನಾಟಿಕೊಂಡಿತ್ತು. ಉಳಿದ ಬುಡವನ್ನು ಆಮೇಲೆ ಪರೀಕ್ಷಿಸಿದಾಗ ಪೂರ್ವದ ಗಾರೆಗೆ ಉಳಿ ಕೊಟ್ಟರೂ ಕಿಡಿ ಹಾರುತ್ತಿತ್ತು, ಪಶ್ಚಿಮದ್ದು ಉಗುರಿನಿಂದ ಕೆರೆದರೆ ಹಿಟ್ಟಿನಂತೆ ಉದುರುತ್ತಿತ್ತು. ಕಡಲ ಕಡೆಯಿಂದ ಬೀಸಿ ಹೊಡೆಯುವ ಮಳೆ ಎಷ್ಟೋ ವರ್ಷಗಳಿಂದ ಆ ಒಂದು ಮೈಯ ಸುಣ್ಣವನ್ನು ಕರಗಿಸಿತ್ತು. ಕಡಿಯುವ ಮೊದಲು ಸುತ್ತಲೂ ಗಾರೆಯನ್ನು ಕೆರೆದು ನೋಡದಿದ್ದುದು ನಮ್ಮದೇ ತಪ್ಪು.

ಮರಡಿನಲ್ಲಿ ಮಾಡಿದಂತೆ ಸ್ಫೋಟಕ ಇಟ್ಟು ಕೆಡವಬಾರದೇ ಎಂದು ಕೆಲವರು ಕೇಳಿದ್ದಾರೆ. 2020ರ ಜನವರಿ 11 ಮತ್ತು 12ರಂದು ಕೊಚ್ಚಿಯ ಮರಡಿನಲ್ಲಿ ಕೆಡವಿದ್ದು ಕಾಂಕ್ರೀಟಿನ ವಸತಿ ಸಮುಚ್ಚಯಗಳನ್ನು. ಅದಕ್ಕಾಗಿ ಸುತ್ತಲಿನ 200 ಮೀಟರಿನೊಳಗಿನ ಜನರನ್ನು ತೆರವುಗೊಳಿಸಿದ್ದರು. ಕೆಂಪುಕಲ್ಲಿನ ಮನೆಗೋಡೆ ಹತ್ತು ಮೀಟರಿನಲ್ಲಿರುವ ನಮ್ಮ ಹಿತ್ತಿಲುಗಳಿಗೆ ಅದು ಹೇಳಿದ್ದಲ್ಲ. ಸ್ಫೋಟಕ ಇಟ್ಟ ಮಾತ್ರಕ್ಕೆ ದಿಕ್ಕು ಖಚಿತವೆಂದೂ ಅಲ್ಲ. ಅಮೆರಿಕದ ಒಹಾಯೋ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 2010ರ ನವೆಂಬರ್ 10ರಂದು 275 ಅಡಿಯ ಚಿಮಣಿಯೊಂದು, ಮೊದಲು ಯಾರ ಗಮನಕ್ಕೂ ಬಾರದ ಬಿರುಕಿನ ಕಾರಣದಿಂದ, ತಪ್ಪು ದಿಕ್ಕಿಗೆ ಬಿದ್ದು ವಿದ್ಯುತ್ ತಂತಿಗಳನ್ನು ಹರಿದಿತ್ತು.

ಉರುಳಿಸುವುದಾದರೆ ಎತ್ತರದ ಒಂದೂವರೆ ಪಾಲು ಜಾಗ ಖಾಲಿ ಇರಬೇಕೆಂಬುದು ನಾವು ಪಾಲಿಸುತ್ತಿದ್ದ ಲೆಕ್ಕ. ಹೆದ್ದಾರಿ 66 ಅಗಲವಾಗಿ, ಕಾರ್ಖಾನೆಯ ಅಂಗಳಗಳಲ್ಲಿ ಮನೆ, ಗೋದಾಮುಗಳೆದ್ದ ಮೇಲೆ ಕುಂಬಳೆ, ಉಪ್ಪಳದ ಕಡೆ ಅಷ್ಟು ಜಾಗ ನಮಗೆ ಸಿಗುತ್ತಿಲ್ಲ.

ಹೊಸ ಕ್ರಮದಲ್ಲಿ ಚಿಮಣಿಯ ಸುತ್ತ ಬುಡದಿಂದ ತುದಿಯವರೆಗೆ ಕಬ್ಬಿಣದ ಸಾರುವೆ ಕಟ್ಟುತ್ತೇವೆ. ಕೆಲಸದವರು ಅದರ ಮೇಲೆ ನಿಂತು, ಸೊಂಟದ ಬೆಲ್ಟನ್ನು ಅದಕ್ಕೇ ಬಿಗಿದುಕೊಂಡು ಇಟ್ಟಿಗೆ ಬಿಡಿಸುತ್ತಾರೆ. ಚಿಮಣಿಯ ಅಂಚಿನ ಮೇಲೆ ಕಾಲಿಡುವುದನ್ನು ಸಂಘವು ನಿಷೇಧಿಸಿದೆ. ಬಿಡಿಸಿದ ಇಟ್ಟಿಗೆ ಚಿಮಣಿಯ ಒಳಗೇ ಬಿದ್ದು ಬುಡದ ಬಾಗಿಲಿನಿಂದ ಹೊರಬರುತ್ತದೆ. ಆದರೆ ಮೇಲೆ ಸುತ್ತಿಗೆ ನಿಂತು ಸೀಟಿ ಊದುವವರೆಗೆ ಆ ಬಾಗಿಲಿನ ಬಳಿ ಯಾರೂ ಸುಳಿಯಬಾರದು. ಒಳಗೆ ಬಿದ್ದ ರಾಶಿಯನ್ನು ದಿನದಿನವೂ ತೆಗೆಯದಿದ್ದರೆ ಅದರ ಒತ್ತಡಕ್ಕೆ ಹಳೆಯ ಗೋಡೆ ಹೊರಕ್ಕೆ ಒಡೆಯುವ ಅಪಾಯವಿರುವುದರಿಂದ ಪ್ರತಿ ಸಂಜೆ ಕಡೆಯ ಒಂದು ಗಂಟೆ ಅದಕ್ಕೇ ಮೀಸಲು. ಮಸಿ ಏಳದಂತೆ ಮೊದಲೇ ನೀರು ಹೊಡೆಯುತ್ತೇವೆ. ಕಣಜದ ಗೂಡಿದ್ದರೆ ದಯವಿಟ್ಟು ಮುಂಚಿತವಾಗಿ ತಿಳಿಸಿ. ಮೂವತ್ತು ಅಡಿ ಮೇಲಿರುವವನಿಗೆ ಓಡಲು ದಾರಿಯಿಲ್ಲ.

ಮೂರು ದಿನಗಳಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಇನ್ನು ಸುಮಾರು ಮೂರು ವಾರ ಹಿಡಿಯುತ್ತದೆ, ಖರ್ಚು ಒಂದೂವರೆ ಪಟ್ಟಾಗುತ್ತದೆ. ಇಡೀ ಇಟ್ಟಿಗೆಗಳು ಬೇಕೆನ್ನುವವರಿಗೆ ಕಪ್ಪಿಯಲ್ಲಿ ಇಳಿಸಿಕೊಡುತ್ತೇವೆ, ಅದರ ಕೂಲಿ ಪ್ರತ್ಯೇಕ. ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯಿಂದ ದೀಪಾವಳಿಯವರೆಗೆ ಎತ್ತರದ ಕೆಲಸ ಇರುವುದಿಲ್ಲ. ಕಾಂಕ್ರೀಟಿನ ಚಿಮಣಿ, ನೀರಿನ ಟ್ಯಾಂಕಿಗಳ ಕೆಲಸಕ್ಕೆ ಪರಿಣತ ಎಂಜಿನಿಯರರ ಮೇಲ್ವಿಚಾರಣೆ ಬೇಕಾದುದರಿಂದ ನಾವು ಅದನ್ನು ಒಪ್ಪಿಕೊಳ್ಳುವುದಿಲ್ಲ. ಹತ್ತಿರದಲ್ಲಿ ವಿದ್ಯುತ್ ತಂತಿ ಹಾದುಹೋಗಿದ್ದರೆ ಕೆಎಸ್‌ಇಬಿ ಕಚೇರಿಗೆ ನೀವೇ ಅರ್ಜಿ ಕೊಡಬೇಕು, ಲೈನು ಕಡಿತಗೊಳಿಸಿದ ಮೇಲೆಯೇ ಸಾರುವೆ ಕಟ್ಟಲು ಬರುತ್ತೇವೆ.

ಹಳೆಯ ದರದಲ್ಲಿ ಮುಂಗಡ ಕೊಟ್ಟವರು ಹೊಸ ಕ್ರಮಕ್ಕೆ ಒಪ್ಪದಿದ್ದರೆ ರಶೀದಿ ತಂದು ಪೂರ್ತಿ ಹಣವನ್ನು ಹಿಂದಕ್ಕೆ ಪಡೆಯಬಹುದು.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ